ನೋಡಿದ್ದು ಸಾಕು, ಒಮ್ಮೆ ಓದಿ

'ಇನ್ನೂರು ಯೂನಿಟ್ ಫ್ರೀ ಅಂತ ವಿಡಿಯೊದಲ್ಲೇ ಹೇಳಿದ್ರಲ್ರೀ, ಮತ್ಯಾಕೆ ಈ ಬಿಲ್ಲು?'

2023ರ ಸೆಪ್ಟೆಂಬರ್‌ನಲ್ಲಿ ಎದುರು ಮನೆಯಾಕೆ ಕರೆಂಟ್ ಬಿಲ್ ಹಿಡಿದು ನಮ್ಮನೆ ಬಾಗಿಲಿಗೆ ಬಂದಿದ್ದರು. 'ಗೃಹಜ್ಯೋತಿ' ಶುರುವಾದ ಹೊಸತು. ವಿಡಿಯೊ ನಂಬಿ, ಗ್ಯಾಸ್ ಉಳಿಸೋಣವೆಂದು ಇಂಡಕ್ಷನ್ ಒಲೆ ಮೇಲೇ ಅಡುಗೆ, ಎರಡು ಹೊತ್ತೂ ಗೀಸರ್. ಬಿಲ್ ನೋಡಿ ಯಜಮಾನರು ರೇಗಾಡಿದ್ದರಂತೆ. ಮನೆಖರ್ಚು ತೂಗಿಸುವವರೂ ನಾವೇ, ಬೈಸಿಕೊಳ್ಳುವವರೂ ನಾವೇ ಅಲ್ವಾ?

ಇಬ್ಬರೂ ಕೂತು ಸರ್ಕಾರದ ಆದೇಶ ಓದಿದೆವು. ಆಗಿನ ನಿಯಮದಂತೆ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟೋ, ಅದಕ್ಕೆ ಶೇ 10 ಸೇರಿಸಿದಷ್ಟು ಮಾತ್ರ. ಸರಾಸರಿ 90 ಇದ್ದವರಿಗೆ 99 ಯೂನಿಟ್ ಉಚಿತ. 150 ಉರಿಸಿದರೆ ಉಳಿದ 51ಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರಂತೂ ಪೂರ್ತಿ ಬಿಲ್! ಇಷ್ಟು ಓದಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಕೆ ನೋಡಿದ ವಿಡಿಯೊ ಹತ್ತು ನಿಮಿಷದ್ದು. ಅದರಲ್ಲಿ ಸರಾಸರಿಯ ಮಾತೇ ಇರಲಿಲ್ಲ.

ಯಾಕಿಷ್ಟು ಎಳೆಯುತ್ತಾರೆ?

2016ರಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು, ಸುದ್ದಿಯೆಲ್ಲ ವಿಡಿಯೊ ಆಯಿತು. ಅದೇ ವರ್ಷ ಫೇಸ್‌ಬುಕ್ ಒಂದು ತಪ್ಪು ಒಪ್ಪಿಕೊಂಡಿತು. ಜನ ಸರಾಸರಿ ಎಷ್ಟು ಹೊತ್ತು ವಿಡಿಯೊ ನೋಡುತ್ತಾರೆ ಎಂಬ ಲೆಕ್ಕವನ್ನು ಎರಡು ವರ್ಷ ಹೆಚ್ಚಾಗಿ ತೋರಿಸಿತ್ತಂತೆ. ಅಂದರೆ ನಮಗೆ ವಿಡಿಯೊ ಎಷ್ಟು ಇಷ್ಟ ಅನ್ನುವ ಲೆಕ್ಕವೇ ಉಬ್ಬಿಸಿದ್ದು!

ಯೂಟ್ಯೂಬ್‌ನದು ಇನ್ನೊಂದು ಲೆಕ್ಕ. 2020ರ ಜುಲೈನಿಂದ, ಎಂಟು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊಗಳ ನಡುವೆ ಜಾಹೀರಾತು ಹಾಕಲು ಅವಕಾಶವಾಯಿತು. ಮೊದಲು ಈ ಮಿತಿ ಹತ್ತು ನಿಮಿಷವಿತ್ತು. 'ಕೊನೆವರೆಗೂ ನೋಡಿ' ಎಂದು ಒಂದು ಸಾಲಿನ ವಿಷಯವನ್ನು ದೋಸೆ ಹಿಟ್ಟಿಗೆ ನೀರು ಬೆರೆಸಿದಂತೆ ತೆಳ್ಳಗೆ ಮಾಡುವುದು ಯಾಕೆಂದು ಈಗ ಗೊತ್ತಾಯಿತಾ? 2021ರ ನವೆಂಬರ್‌ನಲ್ಲಿ 'ಇಷ್ಟವಿಲ್ಲ' ಎಂದವರ ಸಂಖ್ಯೆಯನ್ನೂ ಮರೆಮಾಡಿದರು. ಮೊದಲಾದರೆ ಅದನ್ನು ನೋಡಿಯೇ ನಾವು ಹುಷಾರಾಗುತ್ತಿದ್ದೆವು.

2022ರ ಡಿಸೆಂಬರ್‌ನಲ್ಲಿ ಕೇಂದ್ರದ ಪಿಐಬಿ ಮೂರು ಯೂಟ್ಯೂಬ್ ಚಾನೆಲ್‌ಗಳು ಸುಳ್ಳು ಸುದ್ದಿ ಹರಡುತ್ತಿವೆ ಎಂದು ಹೇಳಿತು. ಅವುಗಳಲ್ಲಿ ಸರ್ಕಾರಿ ಯೋಜನೆಗಳ ಬಗೆಗಿನ ಸುಳ್ಳುಗಳೂ ಇದ್ದವು. ಅವಕ್ಕೆ ಸುಮಾರು 33 ಲಕ್ಷ ಚಂದಾದಾರರು, 30 ಕೋಟಿಗೂ ಹೆಚ್ಚು ವೀಕ್ಷಣೆ! ಲಕ್ಷಾಂತರ ಜನ ನೋಡಿದ್ದಾರೆ ಅಂದಮಾತ್ರಕ್ಕೆ ನಿಜ ಅನ್ನಲಾಗದು.

ಹಾಗಂತ ವಿಡಿಯೊ ಬೇಡವೇ ಬೇಡ ಅನ್ನುತ್ತಿಲ್ಲ. ಹೋಳಿಗೆ ತಟ್ಟುವುದು, ಕುಚ್ಚು ಕಟ್ಟುವುದು ಕಣ್ಣಾರೆ ನೋಡಿಯೇ ಕಲಿಯಬೇಕು. ಅಕ್ಷರ ಕಾಣದ ಅತ್ತೆಗೂ, ಓದು ಬಾರದ ಕೆಲಸದಾಕೆಗೂ ಅದು ದೊಡ್ಡ ಉಪಕಾರ. ಆದರೆ ದುಡ್ಡು, ಔಷಧಿ, ಅರ್ಜಿ, ಕೊನೇ ದಿನಾಂಕ ಇವುಗಳ ವಿಷಯಕ್ಕೆ ಅಕ್ಷರವೇ ಗಟ್ಟಿ. ಓದುವಾಗ ಬೇಡದ್ದನ್ನು ಬಿಟ್ಟು ಬೇಕಾದ ಸಾಲಿಗೆ ಹೋಗಬಹುದು, ಅರ್ಥವಾಗದಿದ್ದರೆ ಮತ್ತೆ ಓದಬಹುದು, ಕಚೇರಿಯಲ್ಲಿ 'ನೋಡಿ, ಇಲ್ಲಿ ಹೀಗಿದೆ' ಎಂದು ತೋರಿಸಲೂಬಹುದು. ಮಲಗಿದ ಮಗುವೂ ಏಳುವುದಿಲ್ಲ!

ಇಷ್ಟು ಮಾಡಿ

* ವಿಡಿಯೊದಲ್ಲಿ ಯೋಜನೆಯ ಹೆಸರು ಕೇಳಿದೊಡನೆ ಅದನ್ನೇ ಟೈಪ್ ಮಾಡಿ, ಇಲಾಖೆಯ ಜಾಲತಾಣ ಅಥವಾ ಪತ್ರಿಕೆಯ ವರದಿ ಓದಿ.

* ಮೊದಲು ದಿನಾಂಕ ನೋಡಿ. ನಿಯಮಗಳು ಬದಲಾಗುತ್ತಿರುತ್ತವೆ.

* 'ಯಾರಿಗೆ ಅನ್ವಯಿಸುವುದಿಲ್ಲ' ಎಂಬ ಸಾಲನ್ನು ತಪ್ಪದೇ ಹುಡುಕಿ. ವಿಡಿಯೊಗಳು ಸಾಮಾನ್ಯವಾಗಿ ನುಂಗುವುದು ಅದನ್ನೇ.

* ಬರೆದದ್ದೆಲ್ಲ ವೇದವಾಕ್ಯವಲ್ಲ. ಹೆಸರು, ದಿನಾಂಕವಿಲ್ಲದ ವಾಟ್ಸ್ಆ್ಯಪ್ ಸಂದೇಶವೂ ಅಷ್ಟೇ ಅಪಾಯ.

* ಮುಖ್ಯವಾದ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಎದುರು ಮನೆಯಾಕೆ ಈಗ ಬಿಲ್ ಬಂದೊಡನೆ ಯೂನಿಟ್ ಲೆಕ್ಕ ಓದಿ, ಕ್ಯಾಲೆಂಡರ್ ಹಿಂದೆ ಬರೆದಿಡುತ್ತಾರೆ. ಮೊನ್ನೆ ಯಜಮಾನರೇ ಯಾವುದೋ ವಿಡಿಯೊ ತೋರಿಸಿದಾಗ 'ಅದು ಎಲ್ಲಿ ಬರೆದಿದೆ, ಮೊದಲು ತೋರ್ಸಿ' ಅಂದರಂತೆ! ನೀವೂ ಹಾಗೆ ಕೇಳಿ ನೋಡಿ, ಏನಂತೀರಿ?