ಕೊಟ್ಟವರ ತಪ್ಪು, ಉಂಡವರ ಸಾಲ

ಹಾನಗಲ್ಲ, ಹಿರೇಕೆರೂರ, ಶಿಗ್ಗಾಂವಿ, ಸವಣೂರ, ಈ ನಾಲ್ಕೂ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ಮೂವತ್ತೆರಡು ವರ್ಷ ಕಳೆದವನು ನಾನು. ತಪ್ಪು ಯಾವ ಹಂತದಲ್ಲಿ ಆಯಿತೆಂದು ತೋರಿಸದೆ ವಿದ್ಯಾರ್ಥಿಯ ಅಂಕ ಕಳೆಯಬಾರದು ಎಂಬುದು ಬಿ.ಎಡ್. ತರಗತಿಯಲ್ಲಿ ಕಲಿತ ಪಾಠ. ಸರಕಾರದ ಲೆಕ್ಕಕ್ಕೆ ಈ ನಿಯಮ ಅನ್ವಯಿಸುವುದಿಲ್ಲವೆಂದು ತಿಳಿದದ್ದು 2016ರಲ್ಲಿ, ನಿವೃತ್ತಿಗೆ ಎರಡು ತಿಂಗಳು ಉಳಿದಿದ್ದಾಗ.

ನಾನು ಸೇವೆಗೆ ಸೇರಿದಾಗ ಈ ಊರುಗಳೆಲ್ಲ ಧಾರವಾಡ ಜಿಲ್ಲೆಯಲ್ಲಿದ್ದವು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ನಮ್ಮ ಸೇವಾ ಪುಸ್ತಕಗಳು ಗಂಟು ಕಟ್ಟಿಸಿಕೊಂಡು ಊರಿಂದೂರಿಗೆ ನಮಗಿಂತ ಹೆಚ್ಚು ವರ್ಗಾವಣೆ ಕಂಡವು. ಹೀಗೆ ಅಲೆದ ನನ್ನ ಪುಸ್ತಕದಲ್ಲಿ 1999ರಲ್ಲಿ ಯಾರೋ ಒಂದು ವೇತನ ಬಡ್ತಿಯನ್ನು ತಪ್ಪು ದಿನಾಂಕದಿಂದ ನಮೂದಿಸಿದ್ದರಂತೆ. ಹದಿನೇಳು ವರ್ಷ ಯಾರ ಕಣ್ಣಿಗೂ ಬೀಳದ ಆ ತಪ್ಪು, ನನ್ನ ಉಪದಾನದ ಕಡತ ಮೇಜಿಗೆ ಬಂದೊಡನೆ ಬಿದ್ದಿತು. ಎಂಬತ್ತಾರು ಸಾವಿರ ರೂಪಾಯಿ ಹೆಚ್ಚುವರಿ ಪಾವತಿ. “ಒಪ್ಪಿಗೆ ಪತ್ರ ಬರೆದುಕೊಟ್ಟರೆ ವಾರದಲ್ಲಿ ಹಣ ಬಿಡುಗಡೆ, ಇಲ್ಲವಾದರೆ ವರ್ಷವೂ ಆಗಬಹುದು” ಎಂದರು. ಮನೆಯಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಬರೆದುಕೊಟ್ಟೆ.

ಹೀಗೆ ಬರೆದುಕೊಟ್ಟುದಕ್ಕೆ ಇಂದಿಗೂ ನಾಚಿಕೆಯಿದೆ. ಏಕೆಂದರೆ ಅದಕ್ಕೆ ಒಂದೂವರೆ ವರ್ಷ ಮೊದಲೇ, 2014ರ ಡಿಸೆಂಬರ್ 18ರಂದು, ಪಂಜಾಬ್ ಸರಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟವಾಗಿ ಹೇಳಿತ್ತು: ನೌಕರನ ಮೋಸವಿಲ್ಲದೆ ಇಲಾಖೆಯ ತಪ್ಪಿನಿಂದ ಹೋದ ಹೆಚ್ಚಿನ ಹಣವನ್ನು ನಿವೃತ್ತರಿಂದಾಗಲಿ, ವರ್ಷದೊಳಗೆ ನಿವೃತ್ತರಾಗುವವರಿಂದಾಗಲಿ, ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ನೌಕರರಿಂದಾಗಲಿ ವಸೂಲು ಮಾಡಕೂಡದು, ಐದು ವರ್ಷಕ್ಕೂ ಮೀರಿ ಕೊಡುತ್ತ ಬಂದ ಹಣವನ್ನೂ ಕೇಳಕೂಡದು. ನನಗೆ ಇದು ತಿಳಿದಿರಲಿಲ್ಲ. ನನ್ನಿಂದ ಪತ್ರ ಬರೆಸಿಕೊಂಡವರಿಗೆ ತಿಳಿದಿರಲಿಲ್ಲವೆಂದು ನಂಬುವುದು ಕಷ್ಟ. 2016ರ ಜುಲೈನಲ್ಲಿ ಜಗದೇವ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಹೆಚ್ಚಾದುದನ್ನು ಮರಳಿಸುವೆನೆಂದು ಮೊದಲೇ ಮುಚ್ಚಳಿಕೆ ಕೊಟ್ಟಿದ್ದ ನ್ಯಾಯಾಂಗ ಅಧಿಕಾರಿಯೊಬ್ಬರಿಂದ ಕಂತುಗಳಲ್ಲಿ ವಸೂಲಿಗೆ ಅವಕಾಶ ಕೊಟ್ಟಿತು. ಅಂದಿನಿಂದ ಕಚೇರಿಗಳಿಗೆ ಮುಚ್ಚಳಿಕೆಯೇ ಬ್ರಹ್ಮಾಸ್ತ್ರ. ವೇತನ ನಿಗದಿಗೊಂದು, ಪಿಂಚಣಿಗೊಂದು. ಓದಿ ಸಹಿ ಮಾಡಿದವರು ನಮ್ಮಲ್ಲಿ ಎಷ್ಟು ಜನ?

ನನ್ನದು ಹೋಗಲಿ, ತೀರಿತು. ಸವಣೂರಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ವಿಧವೆ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ, ಕಣ್ಣು ಮಂದ. ಕುಟುಂಬ ಪಿಂಚಣಿಯು ಮೊದಲ ಕೆಲವು ವರ್ಷ ಹೆಚ್ಚಿನ ದರದಲ್ಲಿದ್ದು, ಅವಧಿ ತೀರಿದ ಮೇಲೆ ಕಡಿಮೆಯಾಗುತ್ತದೆ. ಆ ದಿನಾಂಕ ಆದೇಶದಲ್ಲಿಯೇ ಅಚ್ಚಾಗಿರುತ್ತದೆ, ಬ್ಯಾಂಕು ಅದನ್ನು ನೋಡಿ ಇಳಿಸಬೇಕು. ಅವರ ಬ್ಯಾಂಕು ಇಳಿಸಲಿಲ್ಲ. ಒಂಬತ್ತು ವರ್ಷ ಹೆಚ್ಚಿನ ದರದಲ್ಲಿಯೇ ಹಾಕುತ್ತ ಹೋಯಿತು. ಒಂದು ದಿನ ಎಚ್ಚೆತ್ತು ಅಷ್ಟನ್ನೂ ಆ ಮುದುಕಿಯ ಹೆಸರಿಗೆ ಸಾಲವೆಂದು ಬರೆಯಿತು. ಸಾಲವೆಂದ ಮೇಲೆ ಸಾಲ ವಸೂಲಿಯವರಿಗೆ ಒಪ್ಪಿಸುವುದು ಸಹಜವಲ್ಲವೆ! ಗುತ್ತಿಗೆ ಏಜೆನ್ಸಿಯ ಹುಡುಗನೊಬ್ಬ ಮೋಟಾರು ಸೈಕಲ್ಲಿನಲ್ಲಿ ಅವರ ಮನೆಯ ಮುಂದೆ ಬಂದು ನಿಂತ. ಓಣಿಯವರೆಲ್ಲ ನೋಡಿದರು. ಮಾಸ್ತರರು ಬದುಕಿದ್ದಾಗ ಕಿರಾಣಿ ಅಂಗಡಿಯಲ್ಲಿ ಉದ್ದರಿಯ ಪುಸ್ತಕ ಕೂಡ ಇಟ್ಟವರಲ್ಲ.

ಆಕೆ ದೂರವಾಣಿ ಮಾಡಿ ಕರೆದರು, ನಾನು ಹೋದೆ. ನೋಡಿದರೆ ಆ ಹುಡುಗ ಶಿಗ್ಗಾಂವಿಯಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಕುಳಿತವನೇ! (ಈ ಭಾಗದಲ್ಲಿ ಮಾಸ್ತರನಾಗಿ ಬಾಳಿದವನಿಗೆ ಇದೇನೂ ಸೋಜಿಗವಲ್ಲ. ಪೊಲೀಸ್ ಠಾಣೆಗೆ ಹೋದರೂ ಶಿಷ್ಯನೇ, ಲಾಕಪ್ಪಿನಲ್ಲಿಯೂ ಶಿಷ್ಯನೇ.) ತಲೆ ತಗ್ಗಿಸಿ ನಮಸ್ಕಾರ ಮಾಡಿದ. “ಈ ಮೊತ್ತ ಹೇಗೆ ಬಂತಪ್ಪ, ಯಾವ ತಿಂಗಳಿಂದ ಯಾವ ತಿಂಗಳವರೆಗೆ?” ಎಂದು ಕೇಳಿದೆ. ಅವನ ಮೊಬೈಲಿನಲ್ಲಿ ಒಂದು ಹೆಸರು, ಒಂದು ವಿಳಾಸ, ಒಂದು ಅಂಕಿ, ಇಷ್ಟೇ ಇದ್ದವು. “ನನಗ ಅಷ್ಟ ಕೊಟ್ಟಾರ್ರೀ ಸರ್” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ತಪ್ಪನ್ನು ಮಾಡಿದವನು ಒಬ್ಬ, ವಸೂಲಿಗೆ ಬರುವವನು ಇನ್ನೊಬ್ಬ. ಬಂದವನಿಗೆ ಲೆಕ್ಕ ಗೊತ್ತಿಲ್ಲ, ಲೆಕ್ಕ ಗೊತ್ತಿರುವವನು ಎದುರಿಗೆ ಬರುವುದಿಲ್ಲ. ನನ್ನ ಸಿಟ್ಟೆಲ್ಲ ಈ ಏರ್ಪಾಡಿನ ಮೇಲೆ.

ಇಂಥದೇ ಏರ್ಪಾಡು ಆಸ್ಟ್ರೇಲಿಯಾ ದೇಶದಲ್ಲಿ ಎಷ್ಟು ದೊಡ್ಡ ಅನರ್ಥ ಮಾಡಿತೆಂಬುದನ್ನು ಓದಬೇಕು. 2016ರಿಂದ ಅಲ್ಲಿ ‘ರೋಬೋಡೆಟ್’ ಎಂದು ಕುಖ್ಯಾತವಾದ ಯೋಜನೆ ನಡೆಯಿತು. ಬಡವರ ವಾರ್ಷಿಕ ಆದಾಯವನ್ನು ಗಣಕಯಂತ್ರವು ಹದಿನೈದು ದಿನಗಳ ಸರಾಸರಿಗೆ ಹಂಚಿ, ‘ನೀವು ಹೆಚ್ಚು ಭತ್ಯೆ ಪಡೆದಿದ್ದೀರಿ’ ಎಂದು ನೋಟೀಸು ಕಳಿಸುತ್ತಿತ್ತು. ಸುಗ್ಗಿಯ ಎರಡು ತಿಂಗಳು ದುಡಿದು ಉಳಿದ ಹತ್ತು ತಿಂಗಳು ಖಾಲಿ ಕುಳಿತವನ ಗಳಿಕೆಯನ್ನು ವರ್ಷಕ್ಕೆಲ್ಲ ಸಮನಾಗಿ ಹಂಚುವುದು ತಪ್ಪೆಂದು ನನ್ನ ಎಂಟನೆಯ ತರಗತಿಯ ಹುಡುಗರು ಹೇಳುತ್ತಿದ್ದರು. ತಪ್ಪಿಲ್ಲವೆಂದು ಸಾಬೀತು ಮಾಡುವ ಭಾರವನ್ನು ಬಡವನ ಮೇಲೆಯೇ ಹೊರಿಸಿ, ಬಾಕಿಯನ್ನು ಖಾಸಗಿ ವಸೂಲಿ ಸಂಸ್ಥೆಗಳಿಗೆ ಒಪ್ಪಿಸಲಾಯಿತು. ಕೊನೆಗೆ 2020ರ ಮೇ ತಿಂಗಳಲ್ಲಿ ಸುಮಾರು 4,70,000 ಸುಳ್ಳು ಸಾಲಗಳ ಬಾಬ್ತು 721 ಮಿಲಿಯನ್ ಡಾಲರ್ ಹಿಂದಿರುಗಿಸುವುದಾಗಿ ಆ ಸರಕಾರ ಘೋಷಿಸಿತು. 2023ರ ವಿಚಾರಣಾ ಆಯೋಗವು ಆ ಯೋಜನೆಯನ್ನು ಕ್ರೂರವೆಂದು ಕರೆಯಿತು.

‘ಸಾರ್ವಜನಿಕರ ಹಣ ಮಾಸ್ತರೆ, ಬಿಡಲಾದೀತೆ?’ ಎನ್ನುವ ಮಿತ್ರರಿದ್ದಾರೆ. ಮಾತು ನಿಜ. ಮುಚ್ಚಿಟ್ಟು ಪಡೆದವರನ್ನು ಬಿಡಬೇಕೆಂದು ನಾನೂ ಹೇಳೆನು. 2019ರಲ್ಲಿ ಪಿಎಂ ಕಿಸಾನ್ ಯೋಜನೆ ಬಂದಾಗ ತಿಂಗಳಿಗೆ ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಪಡೆಯುವವರಿಗೆ ಅದು ಸಲ್ಲದೆಂದು ನಿಯಮದಲ್ಲಿಯೇ ಇತ್ತು. ತಿಳಿದೂ ವರ್ಷಕ್ಕೆ ಆರು ಸಾವಿರಕ್ಕೆ ಕೈಯೊಡ್ಡಿದ ನಿವೃತ್ತ ಬಂಧುಗಳು ನಮ್ಮಲ್ಲಿಯೂ ಇದ್ದಾರೆ. ಅವರಿಂದ ಮರಳಿ ಪಡೆಯುವುದು ನ್ಯಾಯವೇ. ಆದರೆ ಬಂದುದನ್ನು ತನ್ನದೆಂದೇ ನಂಬಿ ಔಷಧಿಗೂ ಅಕ್ಕಿಗೂ ಖರ್ಚು ಮಾಡಿದ ಮುದುಕಿಯನ್ನು ಅವರ ಸಾಲಿಗೆ ನಿಲ್ಲಿಸಬಹುದೆ? ತಪ್ಪು ದರದಲ್ಲಿ ಹಣ ಹಾಕಿದ ಬ್ಯಾಂಕಿನಿಂದ ಸರಕಾರ ವಸೂಲು ಮಾಡಿಕೊಳ್ಳಲಿ.

ಮೈಕ್ರೊ ಫೈನಾನ್ಸಿನವರು ಸಾಲಗಾರರ ಮನೆಬಾಗಿಲಲ್ಲಿ ಕಿರುಕುಳ ಕೊಡುವುದನ್ನು ತಡೆಯಲು ನಮ್ಮ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ ಆಯಿತು. ಸರಕಾರದ್ದೇ ಹಣದ ವಸೂಲಿಗೆ ಆಳು ಬಂದು ನಿಂತಾಗ ಆಕೆಯನ್ನು ಕಾಯುವವರು ಯಾರು? ನ್ಯಾಯಾಲಯವೆನ್ನುತ್ತೀರಿ. 1999ರಲ್ಲಿ ನಿವೃತ್ತರಾದ ಕೇರಳದ ಶಿಕ್ಷಕ ಥಾಮಸ್ ಡೇನಿಯಲ್ ಅವರಿಗೆ, ಅವರಿಂದ ವಸೂಲಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2022ರ ಮೇ ತಿಂಗಳಲ್ಲಿ. ಆ ಪೀಠದಲ್ಲಿ ನಮ್ಮ ದಕ್ಷಿಣ ಕನ್ನಡದ ನ್ಯಾಯಮೂರ್ತಿ ಅಬ್ದುಲ್ ನಜೀರ್ ಅವರಿದ್ದರು. ತೀರ್ಪು ಚೆನ್ನಾಗಿಯೇ ಇದೆ, ಆದರೆ ಇಪ್ಪತ್ತಮೂರು ವರ್ಷ ಕಾಯಲು ಸವಣೂರಿನ ಆ ತಾಯಿಗೆ ಆಯುಸ್ಸೆಲ್ಲಿದೆ?

ಅವರ ಪರವಾಗಿ ಬ್ಯಾಂಕಿಗೆ ಮೂರು ಅರ್ಜಿ ಬರೆದೆ. ಹಣ ಬಿಡಿರೆಂದಲ್ಲ, ಮೊದಲು ತಿಂಗಳುವಾರು ಲೆಕ್ಕದ ಹಾಳೆ ಕೊಡಿರಿ, ಕೊಟ್ಟು ಆಕೆಯ ಮಾತನ್ನೊಮ್ಮೆ ಕೇಳಿರಿ, ಅಲ್ಲಿಯವರೆಗೆ ಮನೆಗೆ ಆಳು ಕಳಿಸಬೇಡಿರಿ ಎಂದು. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ, ‘ವಿಷಯವನ್ನು ಸಂಬಂಧಪಟ್ಟ ಶಾಖೆಗೆ ಕಳುಹಿಸಲಾಗಿದೆ’ ಎಂಬ ಒಂದು ಸಾಲು ಬಂದಿದೆ. ಕಂತು ಮಾತ್ರ ತಿಂಗಳು ತಿಂಗಳೂ ತಪ್ಪದೆ ಕಡಿತವಾಗುತ್ತಿದೆ. ನಾಲ್ಕನೆಯ ಅರ್ಜಿಯನ್ನು ನಿನ್ನೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ ಬಂದೆ.