ತಟ್ಟೆಯ ಓಟ, ಹಾಡಿನ ಶ್ರುತಿ

ಗಂಗೂಬಾಯಿ ಹಾನಗಲ್ಲರ (1913–2009) ಗಂಭೀರ ಕಂಠವನ್ನಷ್ಟೇ ಬಲ್ಲ ವಾಚಕರು, 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಂದ ಅವರ ಗ್ರಾಮಫೋನ್ ತಟ್ಟೆಗಳನ್ನು ಕೇಳಿದರೆ ಬೆರಗಾಗದೆ ಇರಲಾರರು. ಅಲ್ಲಿರುವುದು ಏರುಶ್ರುತಿಯ ತೆಳುದನಿ. ಮುಂದೆ ಗಂಟಲಿನ ಚಿಕಿತ್ಸೆಯಾಗಿ ಕಂಠ ಗಡುಸಾಯಿತು. ಆ ಮೊದಲಿನ ದನಿ ಇಂದು ಉಳಿದಿರುವುದು ತಟ್ಟೆಗಳಲ್ಲಿಯೇ. ಆದುದರಿಂದ ಅದರ ವಿಷಯವಾಗಿ ತೀರ್ಪು ಕೊಡುವ ಮೊದಲು ತಟ್ಟೆಯ ವೇಗವನ್ನು ನೋಡಬೇಕು.

ನಿಮಿಷಕ್ಕೆ 78 ಸುತ್ತು ತಿರುಗಬೇಕಾದುದು 83 ಸುತ್ತು ತಿರುಗಿತೆನ್ನಿ. ಲಯ ಚುರುಕಾಗುತ್ತದೆ, ಷಡ್ಜವೂ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು ಮೇಲೇರುತ್ತದೆ. (ಮೊಬೈಲಿನಲ್ಲಿ ಹುಡುಗರು ವೇಗ ಹೆಚ್ಚಿಸಿದರೆ ಶ್ರುತಿ ಸಾಮಾನ್ಯವಾಗಿ ಕದಲುವುದಿಲ್ಲ; ತಟ್ಟೆಗೆ ಆ ಉಪಾಯ ತಿಳಿಯದು!) ಸ್ವರಗಳೆಲ್ಲ ಒಂದೇ ಪ್ರಮಾಣದಲ್ಲಿ ಏರುವುದರಿಂದ ರಾಗವೇನೋ ಕೆಡುವುದಿಲ್ಲ, ಕೆಡುವುದು ರಸ. ಕಿರಾಣಾ ಘರಾಣೆಯ ಜೀವವಿರುವುದು ಸ್ವರದ ಮೇಲೆ ನಿಧಾನವಾಗಿ ನಿಲ್ಲುವುದರಲ್ಲಿ. ಮೂರು, ಮೂರೂವರೆ ನಿಮಿಷದ ತಟ್ಟೆಯಲ್ಲಿ ವಿಲಂಬಿತಕ್ಕೆ ಮೊದಲೇ ಇಕ್ಕಟ್ಟು. ಅದರ ಮೇಲೆ ಈ ಅವಸರವೂ ಸೇರಿದರೆ ಕರುಣ ಹೋಗಿ ಬರಿಯ ಚಟಪಟ ಉಳಿಯುತ್ತದೆ. ಇಂತಹ ಓಟದಲ್ಲೇ ನಕಲಾದ ಹಾಡನ್ನು ಕೇಳಿ ‘ಎಳೆಯ ದನಿ’ ಎಂದುಬಿಡುವುದು ಅನ್ಯಾಯ.

ಹೈದರಾಬಾದಿನ ನಮ್ಮ ಮನೆಗಳಲ್ಲಿ ಹಿರಿಯರ ತಟ್ಟೆಗಳೂ ಯಂತ್ರವೂ ಉಳಿದಿದ್ದರೆ ಹೀಗೆ ಮಾಡಿರಿ. ದುಂಡನೆಯ ಕಾಗದದ ಅಂಚಿನ ಸುತ್ತ ಸಮ ಅಂತರದಲ್ಲಿ 77 ಕಪ್ಪು ಗೆರೆಗಳನ್ನೆಳೆದು ತಟ್ಟೆಯ ಮೇಲಿಡಿ. ನಮ್ಮದು 50 ಸೈಕಲ್ಲಿನ ವಿದ್ಯುತ್ತು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ 78ಕ್ಕೆ ಸರಿ. ತಿರುಗುವ ಕಡೆಗೇ ಮೆಲ್ಲನೆ ಹರಿದರೆ ಹೆಚ್ಚಾಯಿತು, ಹಿಂದಕ್ಕೆ ಜಾರಿದರೆ ಕಡಮೆಯಾಯಿತು.