ತಟ್ಟೆಯ ಮೇಲಣ ವಿಜ್ಞಾನ

ಕುಂಬಾರನೂ ವಿಜ್ಞಾನಿಯೂ ಕೈಜೋಡಿಸಬೇಕೆಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಸೂಕ್ಷ್ಮದರ್ಶಕದಲ್ಲಿ ಕಂಡ ಚಿತ್ರವೊಂದನ್ನು ಹೂಜಿಯ ಮೇಲೆ ಬಿಡಿಸಿದರೆ ಸಾಕು, ಕಲೆಗೂ ವಿಜ್ಞಾನಕ್ಕೂ ಮದುವೆಯಾಯಿತೆಂದು ವಾಲಗ ಊದಿಸುವವರಿದ್ದಾರೆ. ನಾನು ಕನ್ನಡ ಪಾಠ ಹೇಳುವವನು. ತಿಗರಿ ತಿರುಗಿಸಿದವನಲ್ಲ, ಪ್ರಯೋಗಶಾಲೆಯಲ್ಲಿ ದುಡಿದವನೂ ಅಲ್ಲ. ಆದರೂ ಈ ಮದುವೆಯಲ್ಲಿ ಕುಂಬಾರನ ಕಡೆಯವರನ್ನು ಯಾರೂ ಮಾತನಾಡಿಸಲಿಲ್ಲವೆಂಬುದು ನನ್ನ ತಕರಾರು.

1951ರ ಬ್ರಿಟನ್ ಉತ್ಸವವನ್ನೇ ನೋಡಿ. ಎಕ್ಸ್‌ಕಿರಣಗಳ ನೆರವಿನಿಂದ ತಿಳಿದ ಹರಳುಗಳ ಒಳರಚನೆ ಸೂಕ್ಷ್ಮದರ್ಶಕಕ್ಕೂ ಎಟುಕದಷ್ಟು ಕಿರಿದು. ಅದರ ನಕ್ಷೆಗಳು ಸ್ಫಟಿಕವಿಜ್ಞಾನಿ ಹೆಲೆನ್ ಮೆಗಾ ಅವರ ಸಲಹೆಯಲ್ಲಿ 28 ತಯಾರಕರ ಕೈಸೇರಿದವು. ವೆಜ್‌ವುಡ್‌ನವರ ಪಿಂಗಾಣಿ, ಗೋಡೆಯ ಕಾಗದ, ಪರದೆಯ ಬಟ್ಟೆ ಎಲ್ಲದರ ಮೇಲೂ ಹರಳುಗಳು ಅರಳಿದವು. ನಕ್ಷೆಗಳು ಚೆಲುವಾಗಿದ್ದವು, ಅಲ್ಲವೆನ್ನುವ ಅರಸಿಕ ನಾನಲ್ಲ. ಹಿರೋಷಿಮಾದ ಮೇಲೆ ಬಾಂಬು ಬಿದ್ದ ಆರೇ ವರ್ಷಕ್ಕೆ ಅಣುಗಳ ಚೆಲುವನ್ನು ಊಟದ ಮೇಜಿಗೆ ತಂದದ್ದು ಸಣ್ಣ ಪುಣ್ಯವೂ ಅಲ್ಲ. ಆದರೆ ಗೋಡೆಯ ಕಾಗದಕ್ಕೆ ಒಪ್ಪಿದ ನಕ್ಷೆಯೇ ತಟ್ಟೆಗೂ ಒಪ್ಪಿತೆಂದರೆ, ಅಲ್ಲಿ ಮಣ್ಣು ಮಾಡಿದ್ದು ಕಾಗದದ ಕೆಲಸವನ್ನು ಮಾತ್ರ.

ಹರಳನ್ನು ಹೊರಗಿನಿಂದ ತರಬೇಕೇಕೆ? ಆವಿಗೆಯ ಬೆಂಕಿಯಲ್ಲಿ, ಗಾಜಿನ ಮೆರುಗಿನೊಳಗೆ, ಅದು ತಾನಾಗಿಯೇ ಬೆಳೆಯುತ್ತದೆ. ಚೀನದಲ್ಲಿ ಸುಂಗ್ ವಂಶದವರು ಆಳಿದ ಕಾಲಕ್ಕೆ (960–1279) ಫ್ಯೂಜಿಯನ್ ಪ್ರಾಂತದ ಕುಂಬಾರರು ಕಪ್ಪು ಮೆರುಗಿನ ಚಹಾ ಬಟ್ಟಲುಗಳನ್ನು ಮಾಡುತ್ತಿದ್ದರು. ಆ ಕಪ್ಪಿನಲ್ಲಿ ಮೊಲದ ರೋಮದಂತಹ ಗೆರೆಗಳು, ಎಣ್ಣೆಯ ಹನಿಯಂತಹ ಚುಕ್ಕೆಗಳು. ಈ ಬಟ್ಟಲುಗಳ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲೂ ಎಕ್ಸ್‌ಕಿರಣದಲ್ಲೂ ಪರೀಕ್ಷಿಸಿದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಸಂಗತಿ ಏನು ಗೊತ್ತೆ? ಎಪ್ಸಿಲಾನ್ ಎಂಬ ಅಪೂರ್ವ ರೂಪದ ಕಬ್ಬಿಣದ ಆಕ್ಸೈಡು ಅದರಲ್ಲಿತ್ತು! ಅಯಸ್ಕಾಂತದ ಗುಣಕ್ಕಾಗಿ ಇಂದಿನ ಪ್ರಯೋಗಶಾಲೆಗಳು ಬಯಸುವ, ಶುದ್ಧವಾಗಿ ಪಡೆಯಲು ತಿಣುಕುವ ವಸ್ತು ಅದು. ಹೆಸರಿಲ್ಲದ ಕುಂಬಾರನೊಬ್ಬ ಅದರ ಹೆಸರೂ ತಿಳಿಯದೆ, ಬೆಂಕಿಯ ಹದವೊಂದನ್ನೇ ಬಲ್ಲವನಾಗಿ, ಅದನ್ನು ಶತಮಾನಗಳ ಹಿಂದೆಯೇ ಬೆಳೆಸಿದ್ದ.

ನಾನು ಸಹಯೋಗವೆನ್ನುವುದು ಇಂತಹುದಕ್ಕೆ: ವಿಜ್ಞಾನಿ ಕೇಳಬೇಕು, ಮಡಕೆ ಉತ್ತರ ಹೇಳಬೇಕು. ಆ ಹಳೆಯ ಕುಂಬಾರ ಇಂದಿಲ್ಲ, ಚೂರೇ ಮಾತನಾಡಬೇಕಾಯಿತು. ಬದುಕಿರುವ ಕುಂಬಾರನನ್ನು ಕೇಳಲು ನಮಗೇನು ಅಡ್ಡಿ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ನಮ್ಮ ಗಾದೆ. ವರುಷದ ಆ ವಿದ್ಯೆಯನ್ನು ಬದಿಗಿಟ್ಟು, ನಿಮಿಷದಲ್ಲಿ ಅಚ್ಚೊತ್ತಿದ ಚಿತ್ರವನ್ನು ಸಹಯೋಗವೆಂದು ಕರೆಯಬೇಡಿ. ವಿಜ್ಞಾನಿ ಚಿತ್ರ ಹಿಡಿದು ಬರಲಿ, ಸಂತೋಷ; ಜೊತೆಗೊಂದು ಪ್ರಶ್ನೆಯನ್ನೂ ತರಲಿ. ಹಾಗೆ ಬಂದವನಿಗೆ ಆವಿಗೆಯ ಮುಂದೆ ಮಣೆ ಹಾಕುವ ಸೌಜನ್ಯ ಕುಂಬಾರನಿಗೆ ಇದ್ದೇ ಇದೆ.